ಸ್ಕೇಲಿನ ಕೆಳಗಿನ ಬೆಳಕು

ಮುದ್ರಣಾಲಯ ಮುಚ್ಚಿ ಕೆಲಸ ಹೋದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ ನನ್ನ ಬಾಮೈದನಿಗೆ ನನ್ನ ಹಾಗೆ ಬಡಗಿಯಾಗುವ ಹುಚ್ಚು ಹಿಡಿಯಿತು. "ಭಾವ, ನಿಮ್ಮ ಜೊತೆ ಸೇರಿಸ್ಕೊಳ್ಳಿ. ನಂಗೆ ಬೇರೆ ದಾರಿ ಇಲ್ಲ" ಎಂದ. ಹಿಂದೆ ನಿಂತ ನನ್ನ ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆಗುವುದಿಲ್ಲ ಎನ್ನುವ ಧೈರ್ಯ ನನಗೆಲ್ಲಿ?

ಅದಕ್ಕೇ ಪರೀಕ್ಷೆ ಇಟ್ಟೆ. ಅವನು ಗುಜರಿಯಲ್ಲಿ ಹುಡುಕಿ ತಂದಿದ್ದ, ಮರ ಹೆರೆಯುವ ಕಬ್ಬಿಣದ ಉಜ್ಜುಗೊರಡಿನ ತಳ ಡೊಂಕಾಗಿತ್ತು. "ಇದನ್ನ ಸಮ ಮಾಡು. ನನ್ನ ಸ್ಕೇಲ್ ಇಟ್ರೆ ಕೆಳಗೆ ಒಂದೆಳೆ ಬೆಳಕೂ ಕಾಣಬಾರದು. ಅವತ್ತಿಂದ ಈ ಕೆಲಸದ ಮೇಜಲ್ಲಿ ಅರ್ಧ ನಿಂದು" ಎಂದೆ. ಅಚ್ಚಿನ ಮೊಳೆ ಜೋಡಿಸಿದ ಕೈಗೆ ಇದೆಲ್ಲ ಎಲ್ಲಿ ಬಗ್ಗೀತು ಎಂದು ಒಳಗೊಳಗೇ ನಗು.

ಕಿಟಕಿಯ ಬಳಿ ದಪ್ಪ ಗಾಜಿಟ್ಟು, ಅದರ ಮೇಲೆ ಉಪ್ಪುಕಾಗದ ಅಂಟಿಸಿದ. ತಳದ ಉದ್ದಕ್ಕೂ ಸೀಸದಕಡ್ಡಿಯಿಂದ ಅಡ್ಡಗೆರೆ ಎಳೆದ. ಗೆರೆ ಉಳಿದಲ್ಲಿ ತಗ್ಗು, ಅಳಿದಲ್ಲಿ ಉಬ್ಬು. ಅಲಗನ್ನು ಕಿತ್ತಿಟ್ಟು ಉಜ್ಜುತ್ತಾನೆ, ಆಮೇಲೆ ಬಿಗಿದಾಗ ತಳ ಮತ್ತೆ ಬಾಗುತ್ತದೆ, ಬೈಯಬಹುದು ಎಂದು ಕಾದೆ. ಹಾಳಾದವನು ಅಲಗನ್ನು ಒಳಗೆ ಎಳೆದು, ಬಿಗಿದೇ ಉಜ್ಜಿದ.

ಸಂಜೆ ತಂದು ಕೊಟ್ಟ. ಸ್ಕೇಲಿಟ್ಟು ಬೆಳಕಿಗೆ ಹಿಡಿದೆ. ನಡುವೆ ಸಣ್ಣ ಬೆಳಕು.

"ಇದು ಗೊರಡೋ ತೊಟ್ಟಿಲೋ? ಹೋಗು, ಇನ್ನೂ ಉಜ್ಜು."

ಎರಡನೇ ದಿನವೂ ಅದೇ ಬೆಳಕು. ಮೂರನೇ ದಿನ ಅವನ ಬೆರಳ ತುದಿಗಳು ಕಪ್ಪಾಗಿ ಸುಲಿದಿದ್ದವು. ನನಗೆ ಕನಿಕರ ಬರಲಿಲ್ಲ, ಖುಷಿಯಾಯಿತು. "ನಿನ್ನ ಹಣೇಲಿ ಬರೆದಿಲ್ಲ ಬಿಡು. ಇಪ್ಪತ್ತು ವರ್ಷದಿಂದ ಈ ಸ್ಕೇಲ್ ಸುಳ್ಳು ಹೇಳಿದ್ದಿಲ್ಲ!"

ಅವನು ಗೊರಡಿಗೆ ಮೆತ್ತಿದ ಪುಡಿ ಒರೆಸಿದ. ಮಾತಾಡಿದ್ದು ಅವನಕ್ಕ.

"ರೀ, ಒಣಗಿದ ಗೋಂದು ಕೆರೆಯೋದು ಅದರಲ್ಲೇ ಅಲ್ವಾ ನೀವು?"

ಹೌದು. ಉಳಿ ಹುಡುಕಲು ಸೋಮಾರಿತನ, ಸ್ಕೇಲು ಕೈಗೇ ಸಿಗುತ್ತಿತ್ತು. ದಿನಾ ಅದರ ಅಂಚಿನ ನಡುಭಾಗದಿಂದ ಹಲಗೆ ಕೆರೆದವನು ನಾನೇ.

ಬಾಮೈದ ಸ್ಕೇಲನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದ. ಮಗುಚಿ, ಅದೇ ಅಂಚಿನಿಂದ ಇನ್ನೊಂದು ಗೆರೆ. ತುದಿಗಳಲ್ಲಿ ಎರಡೂ ಕೂಡಿದವು, ನಡುವೆ ದೂರವಾದವು. ಅಂಚು ಸವೆದು ಒಳಕ್ಕೆ ಬಾಗಿತ್ತು. ಅವನ ಗೊರಡು ಮೊದಲ ದಿನವೇ ಸಮವಾಗಿತ್ತು.

"ನಿಂಗೆ ಗೊತ್ತಿತ್ತಾ?"

"ಮೊದಲ್ನೇ ದಿನ ರಾತ್ರಿನೇ ಅನುಮಾನ ಬಂತು ಭಾವ. ನಿಮ್ಮ ಅಂಗಡೀಲಿ ನಿಂತು ನಿಮ್ಮ ಸ್ಕೇಲ್ ಸರಿಯಿಲ್ಲ ಅಂತ ಹೆಂಗೆ ಹೇಳ್ಲಿ?"

ನನ್ನ ಗೊರಡುಗಳನ್ನೆಲ್ಲ ಇದೇ ಸ್ಕೇಲಿಗೆ ಹೊಂದಿಸಿ ಉಜ್ಜಿದ್ದೆ. ನಾನು ಮಾಡಿಕೊಟ್ಟ ಮೇಜಿನ ಹಲಗೆಗಳ ನಡುವೆ ಸಂದು ಬಿಟ್ಟಿದೆ ಎಂದು ಯಾರಾದರೂ ಹೊತ್ತುತಂದರೆ, ನಿಮ್ಮ ಮನೆಯಲ್ಲಿ ಥಂಡಿ ಜಾಸ್ತಿ ಎಂದು ಅವರಿಗೇ ಬೈದು ಕಳಿಸಿದ್ದೆ. ಎಷ್ಟು ಜನಕ್ಕೆ!

ನನ್ನ ದೊಡ್ಡ ಗೊರಡನ್ನು ತೆಗೆದು, ತಳಕ್ಕೆ ಗೆರೆ ಎಳೆದು, ಅವನ ಗಾಜಿನ ಮೇಲೆ ಉಜ್ಜಿದೆ. ನಡುವಿನ ಗೆರೆಗಳಷ್ಟೇ ಅಳಿದವು. ನನ್ನ ಹೊಟ್ಟೆಯಂತೆ ಅದರದೂ ಮುಂದೆ ಬಂದಿತ್ತು.

ಮೇಜಿನ ಎಡಭಾಗದಲ್ಲಿದ್ದ ನನ್ನ ಸಾಮಾನನ್ನೆಲ್ಲ ಬಲಕ್ಕೆ ಸರಿಸಿದೆ. ತಪ್ಪಾಯ್ತು ಎನ್ನಲು ಮಾತ್ರ ನಾಲಗೆ ಏಳಲಿಲ್ಲ.

ಹೆಂಡತಿ ನನ್ನ ಗೊರಡನ್ನು ಎತ್ತಿ ನನ್ನ ಕೈಗೇ ಕೊಟ್ಟಳು. "ಹೋಗಿ, ಇನ್ನೂ ಉಜ್ಜಿ" ಎಂದಳು.