ಅಕ್ಕನ ಮೇಲೆ ಹೊರಿಸಿದ ವಾಸನೆ

ಒಂದು ಮನೆಯಲ್ಲಿ ಆರು ವರ್ಷ ಮಗುವನ್ನು ನೋಡಿಕೊಂಡ ನನ್ನ ಅಕ್ಕನನ್ನು ಆ ಮನೆಯವರು ಮೈ ನಾರುತ್ತದೆಂದು ಕೆಲಸದಿಂದ ಬಿಡಿಸಿದರು. ಮಧ್ಯಾಹ್ನ ಎಸಿ ಹಾಕಿ ಅವಳು ಮಗುವನ್ನು ಮಲಗಿಸಲು ಕೂತರೆ ಕೋಣೆಯೆಲ್ಲ ಗಬ್ಬು ವಾಸನೆಯಂತೆ. ಅಕ್ಕ ದಿನಕ್ಕೆ ಮೂರು ಸಲ ಸ್ನಾನ ಮಾಡಿ, ಉಜ್ಜಿ ಉಜ್ಜಿ ಮೈ ಕೆಂಪಾಗಿಸಿಕೊಂಡಳು.

ಎರಡು ವಾರದ ಮೇಲೆ ಆ ಮನೆಯೊಡತಿ ನನಗೇ ಫೋನ್ ಮಾಡಿದರು. ನಾನು ಎಸಿ ರಿಪೇರಿಯವನು. ಅಕ್ಕನ ತಮ್ಮನೆಂದು ಅವರಿಗೆ ಗೊತ್ತಿರಲಿಲ್ಲ.

"ವಾಸ್ನೆ ಹೋಗ್ತಾನೇ ಇಲ್ಲ. ದಿನಾ ಎಸಿ ಒಳಗೆ ಸೆಂಟ್ ಹೊಡೀತೀನಿ" ಎಂದರು.

ಮುಚ್ಚಳ ಬಿಚ್ಚಿ ತೋರಿಸಿದೆ. ಒಳಗಿನ ಫ್ಯಾನಿಗೆ ಕಪ್ಪು ಬೂಷ್ಟು, ನೀರಿನ ತಟ್ಟೆಯಲ್ಲಿ ಲೋಳೆ, ಅದರ ಮೇಲೆ ಸೆಂಟಿನ ಅಂಟು. ನನಗೆ ಮೈಯೆಲ್ಲ ಉರಿಯಿತು.

"ಇಂಥ ತೇವದ ಊರಲ್ಲಿ ಎಸಿ ಆರಿಸೋ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ ಒಣಗಿಸ್ಬೇಕು. ನೀವು ಒದ್ದೇಲೇ ಕೊಳೆಸಿದ್ದೀರಿ. ನಾರ್ತಿದ್ದಿದ್ದು ಇದು, ನಮ್ಮಕ್ಕ ಅಲ್ಲ!"

"ಅಯ್ಯೋ, ನೀವು ಅವಳ ತಮ್ಮನಾ? ಈಗ ಬೇರೆಯವಳು ಬಂದಿದಾಳಲ್ಲಪ್ಪ."

"ಕೆಲ್ಸ ಯಾರಿಗೆ ಬೇಕು? ಅಕ್ಕಂಗೆ ಫೋನ್ ಮಾಡಿ ತಪ್ಪಾಯ್ತು ಅನ್ನಿ, ಸಾಕು."

"ಆಯ್ತು, ನೋಡೋಣ. ನೀವು ಬೇಗ ತೊಳೀರಿ, ಮಗು ಮಲಗ್ಬೇಕು."

ತೊಳೆದು ಬಂದೆ. ಫೋನ್ ಬರಲಿಲ್ಲ. ಕೊನೆಗೆ ನಾನೇ ಅಕ್ಕನಿಗೆ ಎಲ್ಲ ಹೇಳಿದೆ.

"ನನ್ನ ಸಮಾಧಾನಕ್ಕೆ ಹೇಳ್ತೀಯ ಕಣೋ" ಎಂದಳು.

ಅಷ್ಟರಲ್ಲಿ ನನ್ನ ಮಗಳು ಅವಳ ತೊಡೆಯೇರಲು ಬಂದಳು.

"ತಡಿ ಕಂದಾ, ಸ್ನಾನ ಮಾಡ್ಕೊಂಡು ಬರ್ತೀನಿ" ಎಂದು ಅಕ್ಕ ಎದ್ದು ಹೋದಳು.