ಗುರುತಿನ ಚೀಟಿಯ ಮುಖ

ತೊಂಬತ್ತೆಂಟರ ಲೋಕಸಭಾ ಚುನಾವಣೆಗೆ ಸುಬ್ರಾಯರನ್ನು ಆಲುವದ ಬೂತೊಂದಕ್ಕೆ ಡ್ಯೂಟಿಗೆ ಹಾಕಿದ್ದರು. ಬ್ಯಾಂಕಿನ ಕೆಲಸದ ಮೇಲೆ ಮಲಯಾಳ ನಾಡಿಗೆ ಬಂದಿದ್ದವರು; ಬ್ಯಾಂಕಿನವರಿಗೆ ಅದು ತಪ್ಪುವಂಥದ್ದಲ್ಲ. ಹಾಗಾಗಿ ಮನೆಯಿದ್ದ ಕಲೂರಿನ ಶಾಲೆಯ ಬೂತಿಗೆ ಅವರ ಹೆಂಡತಿ ಸುಮಿತ್ರ ಒಬ್ಬಳೇ ಹೋಗಬೇಕಾಯಿತು.

"ಫೋಟೋ ಕಾರ್ಡ್ ಉಂಟಲ್ಲ, ಹೆದರಿಕೆ ಎಂತದ್ದು?" ಎಂದಿದ್ದರು ಅವರು, ಹಿಂದಿನ ದಿನ ಹೊರಡುವಾಗ.

ಅವಳ ಹೆದರಿಕೆಯೆಲ್ಲ ಆ ಕಾರ್ಡಿನದೇ. ಅದರಲ್ಲಿದ್ದವಳು ತುಂಬುಗೆನ್ನೆಯ, ದಪ್ಪ ಜಡೆಯ ಹೆಂಗಸು. ಫೋಟೋ ತೆಗೆಸಿದ ಮೇಲೆ ಟೈಫಾಯ್ಡ್ ಬಂದು ಸುಮಿತ್ರ ಬದುಕಿದ್ದೇ ಹೆಚ್ಚು. ಕೆನ್ನೆ ಬತ್ತಿ ಹೋಗಿತ್ತು. ಉದುರಿದ ಕೂದಲು ಈಗಷ್ಟೇ ಕಿವಿಯವರೆಗೆ ಬೆಳೆದಿತ್ತು. ಕಳ್ಳವೋಟು ಹಾಕಲು ಬಂದವರನ್ನು ಪೊಲೀಸರು ಹಿಡಿದೊಯ್ಯುತ್ತಾರೆಂದು ಅವಳು ಕೇಳಿ ಬಲ್ಲಳು.

ಬೂತಿನೊಳಗೆ ಒಂದು ಪಕ್ಷದ ಏಜೆಂಟ್ ಕಾರ್ಡನ್ನೂ ಅವಳನ್ನೂ ನೋಡಿ ಎದ್ದುನಿಂತ. "ಇದು ಬೇರೆಯವರ ಕಾರ್ಡು. ನನ್ನ ಆಕ್ಷೇಪಣೆ ಇದೆ" ಎಂದ ಮಲಯಾಳದಲ್ಲಿ.

ಮತಗಟ್ಟೆಯ ಅಧಿಕಾರಿ ಅವಳ ಗಂಡನ ಹೆಸರು, ಮನೆಯ ಹೆಸರು ಕೇಳಿದರು. ಅಂಗಡಿ ಬೀದಿಯಲ್ಲಿ ಕಲಿತ ಮಲಯಾಳವೆಲ್ಲ ಅವಳಿಗೆ ಮರೆತೇ ಹೋಯಿತು. "ನಾನೇ ಅದು... ನಾನೇ" ಎಂದಳು ಕನ್ನಡದಲ್ಲಿ. ಬಾಗಿಲಲ್ಲಿದ್ದ ಪೊಲೀಸಿನವನು ಒಳಗೆ ಬಂದ. ಮಗಳು ಪ್ರತೀಕ್ಷಾ ಮನೆಯಲ್ಲಿ ಒಬ್ಬಳೇ. ನನ್ನನ್ನು ಕರೆದೊಯ್ದರೆ ಅವಳಿಗೆ ಹೇಳುವವರು ಯಾರು? ಸುಮಿತ್ರಳಿಗೆ ಅದೇ ಯೋಚನೆ.

"ಇವರನ್ನು ಬಲ್ಲವರು ಯಾರಾದರೂ ಇದ್ದೀರಾ?" ಅಧಿಕಾರಿ ಸಾಲಿನತ್ತ ನೋಡಿ ಕೇಳಿದರು.

ಸಾಲಿನಲ್ಲಿ ಪಕ್ಕದ ಮನೆಯ ವಿಜಯಾ ಇದ್ದಳು. ಅವಳ ಗಂಡನೂ ಏಜೆಂಟನ ಪಕ್ಷದವನೇ. ಜ್ವರ ಅಂಟೀತೆಂದು ಅವಳು ಸುಮಿತ್ರಳ ಮನೆ ಕಡೆ ಬರುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ವಿಜಯಾ ತಲೆ ತಗ್ಗಿಸಿದಳು. ಕರೆಯೋಣವೆಂದರೆ ಸುಮಿತ್ರಳಿಗೆ ಧೈರ್ಯ ಬರಲಿಲ್ಲ. ಅವಳೇ ಗೊತ್ತಿಲ್ಲ ಎಂದುಬಿಟ್ಟರೆ?

ಪೊಲೀಸಿನವನು ಪಕ್ಕಕ್ಕೇ ಬಂದು ನಿಂತ.

"ಇದ್ ಸುಮಿತ್ರ ಚೇಚ್ಚಿಯಾಣು." ಇದು ಸುಮಿತ್ರಕ್ಕನೇ ಎಂದ ವಿಜಯಾಳ ದನಿ ಸಣ್ಣಗಿತ್ತು. "ನನ್ನ ಪಕ್ಕದ ಮನೆಯವರು. ಜ್ವರ ಬಂದು ಹೀಗಾದರು."

ಏಜೆಂಟ್ ಅವಳನ್ನು ದುರುಗುಟ್ಟಿ ನೋಡಿದ. ಅಧಿಕಾರಿ ಇನ್ನೆರಡು ಮಾತು ಕೇಳಿ, ಆಕ್ಷೇಪಣೆಯನ್ನು ತಳ್ಳಿಹಾಕಿ ಮತಪತ್ರ ಕೊಟ್ಟರು. ಮರೆಯಲ್ಲಿ ಮುದ್ರೆ ಒತ್ತುವಾಗ ಸುಮಿತ್ರಳ ಕೈ ಎಷ್ಟು ನಡುಗಿತೆಂದರೆ, ಗುರುತು ಎರಡು ಚಿಹ್ನೆಗಳ ನಡುವಿನ ಗೆರೆಗೆ ತಾಗಿತೋ ಏನೋ ಅವಳಿಗೇ ತಿಳಿಯಲಿಲ್ಲ.

ಗೇಟಿನಾಚೆ ಅವಳು ವಿಜಯಾಳಿಗಾಗಿ ಕಾದಳು. ಇಬ್ಬರೂ ಒಟ್ಟಿಗೆ ಮನೆಯತ್ತ ನಡೆದರು. ಮನೆ ಹತ್ತಿರವಾದಂತೆ ವಿಜಯಾಳ ಹೆಜ್ಜೆ ನಿಧಾನವಾಯಿತು.

"ಏಜೆಂಟ್ ಇಷ್ಟರಲ್ಲಿ ನಮ್ಮ ಮನೆಯವರಿಗೆ ಹೇಳಿರುತ್ತಾನೆ" ಎಂದಳು.

ಸುಮಿತ್ರ ಅವಳ ಕೈ ಹಿಡಿದಳು. ಆ ಕೈಯೂ ತಣ್ಣಗಿತ್ತು.

"ನಮ್ಮಲ್ಲಿಗೆ ಬಾ. ಒಂದು ಲೋಟ ಚಾಯ ಕುಡಿದು ಹೋಗು."