ಆಯುಧಪೂಜೆಗೆ ಕೂತ ಫೋನು

ಮುದ್ದೆ ತಿರುವುವಾಗ ಎರಡೂ ಕೈ ಬೇಕು. ಅದಕ್ಕೇ ಯಮುನಾ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. ಹಿಟ್ಟು ಬೆಂದು ಕೋಲು ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಅದರ ತಲೆಯ ಮೇಲಿನ ಕೆಂಪು ದೀಪ ಮಿಣುಕತೊಡಗಿತು. ಜರ್ಮನಿ. ಮುದ್ದೆ ಗಂಟಾಗುವಂತಿಲ್ಲ, ಜರ್ಮನಿಯನ್ನು ಕಾಯಿಸುವಂತೆಯೂ ಇಲ್ಲ. ನಾಲ್ಕು ಸುತ್ತು ಬಲವಾಗಿ ತಿರುವಿ, ಸೆರಗಿಗೆ ಕೈ ಒರೆಸಿ, ಹೆಬ್ಬೆರಳಲ್ಲಿ ಉತ್ತರ ಒತ್ತಿದಳು: ಪಂಪಿನ ಭಾಗದ ಒಳಗಿನ ತೂತಿನ ಅಳತೆ ಹೋದ ಸಲದ್ದೇ, ಬದಲಾಗಿಲ್ಲ. ಕೆಳಗೆ ಎಂದಿನ ಸಾಲು ತಾನಾಗಿಯೇ ಬಂದು ಕೂತಿತು. 'ಪ್ರಯಾಣದಲ್ಲಿದ್ದಾಗ ಫೋನಿನಿಂದ ಕಳಿಸಿದ್ದು. ಶಿವಶಂಕರ್, ಮಾಲೀಕರು.'

ಮಾಲೀಕರು ಆ ಹೊತ್ತಿಗೆ ನಾಗಸಂದ್ರದ ತಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿ ಧಾರಾವಾಹಿ ನೋಡುತ್ತಿದ್ದರು.

ಅತ್ತೆ ಪಿಳ್ಳಮ್ಮ ಬಾಗಿಲಲ್ಲಿ ನಿಂತು, "ಗಂಡನ್ ಮೊಕಾನೂ ಇಷ್ಟೊತ್ತು ನೋಡ್ಲಿಲ್ವಲ್ಲಮ್ಮಿ ನೀನು" ಅಂದರು.

"ಅವರ ಮೊಕದಲ್ಲಿ ದೀಪ ಮಿಣುಕಲ್ವಲ್ಲ ಅತ್ತೆ."

ಫೋನು ಶಿವಶಂಕರ್ ಅವರದ್ದು. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ಅವರದು; ದೊಡ್ಡವರೆಲ್ಲ ಕಾರಲ್ಲಿ ಕೂತು ಇಮೇಲ್ ಬರೆಯುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಎರಡು ವರ್ಷದ ಹಿಂದೆ ಕೊಂಡಿದ್ದರು. ದಾಳಿಂಬೆ ಬೀಜದಂಥ ಗುಂಡಿಗಳು. ಅವರ ಹೆಬ್ಬೆರಳು ಒಂದೇ ಏಟಿಗೆ ನಾಲ್ಕನ್ನು ಮುಚ್ಚುತ್ತಿತ್ತು. ಯಾರದೋ ಮದುವೆ ಛತ್ರದಲ್ಲಿ ಕೂತು ನಲವತ್ತು ನಿಮಿಷ ಬೆವರಿ, ಅರ್ಧ ಪತ್ರ ಕಳಿಸಿ, ಮಾರನೇ ದಿನವೇ ಅದನ್ನು ಕಾರ್ಖಾನೆಯ ಆಫೀಸಿನಲ್ಲಿದ್ದ ಯಮುನಾಳ ಮೇಜಿನ ಮೇಲಿಟ್ಟರು. ನಿಮ್ಮ ಬೆರಳು ಸಣ್ಣ, ನೀವೇ ಇಟ್ಕೊಳ್ಳಿ, ಹೆಸರು ಮಾತ್ರ ನಂದಿರಲಿ ಅಂದರು. ಓಡುವ ಕಾರಲ್ಲಿ ಬರೆದಂತೆ ಕಾಣಲೆಂದು ಒಂದೊಂದು ಪತ್ರದಲ್ಲೂ ಒಂದೊಂದು ಅಕ್ಷರ ತಪ್ಪು ಹಾಕಬೇಕು ಅಂತಲೂ ಹೇಳಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಶಾಲೆಗೇ ಮೊದಲು ಬಂದಿದ್ದ ಯಮುನಾಗೆ ಇಡೀ ಕೆಲಸದಲ್ಲಿ ಕಷ್ಟವಾದದ್ದು ಅದೊಂದೇ.

ಪ್ರಯಾಣ ಅವಳು ನಿಜವಾಗಿಯೂ ಮಾಡುತ್ತಿದ್ದಳು. ಹೆಬ್ಬಗೋಡಿಯಿಂದ ಮೆಜೆಸ್ಟಿಕ್, ಅಲ್ಲಿ ಬಸ್ಸು ಬದಲಿಸಿ ಪೀಣ್ಯ, ಸಂಜೆ ಮತ್ತೆ ಅದೇ ದಾರಿ. ದಿನಕ್ಕೆ ನಾಲ್ಕು ತಾಸು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಂಬಿಗೆ ಆತು ನಿಂತು ಅವಳು ಜರ್ಮನಿಯ ಖರೀದಿ ಮುಖ್ಯಸ್ಥ ಕ್ರಾಮರ್ ಎತ್ತಿದ ಎಷ್ಟು ತಕರಾರು ಬಗೆಹರಿಸಿದ್ದಳೋ. ಆ ಸಾಲಿನಲ್ಲಿ ಸುಳ್ಳಾಗಿದ್ದದ್ದು ಹೆಸರು ಮಾತ್ರ.

ಈಗ ಕ್ರಾಮರ್ ಹೊಸ ಭಾಗವೊಂದನ್ನು ಒಪ್ಪುವ ಮೊದಲು, ಜನವರಿಯಲ್ಲಿ ಇಲ್ಲಿಂದ ಒಬ್ಬರು ಬಂದು ತಮ್ಮ ಕಾರ್ಖಾನೆಯಲ್ಲಿ ಹತ್ತು ದಿನ ಇರಬೇಕು ಅಂದಿದ್ದ. ಆಹ್ವಾನ ಪತ್ರಕ್ಕೆ ಬುಧವಾರದೊಳಗೆ ಹೆಸರು ಬೇಕಿತ್ತು. ಯಮುನಾ ಹದಿನೈದು ದಿನದಿಂದ ಆ ಜಾಗದಲ್ಲಿ ತನ್ನ ಹೆಸರನ್ನು ಇಟ್ಟು ನೋಡುತ್ತಿದ್ದಳು. ಮೆಜೆಸ್ಟಿಕ್‌ನಲ್ಲಿ ಒಂದು ಸಲ ದಪ್ಪ ಸ್ವೆಟರಿನ ಬೆಲೆಯನ್ನೂ ಕೇಳಿ, ಬೇರೆ ಯಾರಿಗೋ ಬೇಕೆಂಬಂತೆ ಮುಖ ಮಾಡಿ ಬಂದಿದ್ದಳು. ಇವತ್ತು ಮಧ್ಯಾಹ್ನ ಶಿವಶಂಕರ್ ತಮ್ಮ ಅಕ್ಕನ ಮಗ ಸಿದ್ಧಾರ್ಥ್ ಹೋಗುತ್ತಾನೆ, ನಾಳೆ ಪೂಜೆ ಮುಗಿದ ಮೇಲೆ ಅವನ ಹೆಸರು ಕಳಿಸಿಬಿಡಿ ಅಂದರು. ಅವನ ಇಂಗ್ಲಿಷ್ ಚೆನ್ನಾಗಿದೆಯಂತೆ. ಅವಳಿಗಾದರೆ ಮನೆ, ಅತ್ತೆ. ಅಲ್ಲಿ ಚಳಿ ಬೇರೆ. ಆ ಸಿದ್ಧಾರ್ಥ್ ಮೊನ್ನೆಯಷ್ಟೇ, ಈ ಭಾಗದ ಯಾವ ತುದಿ ಪಂಪಿನ ಒಳಗೆ ಹೋಗುತ್ತೆ ಯಮುನಾ ಮೇಡಂ ಅಂತ ಕೇಳಿದ್ದ.

ಬುಧವಾರ ಆಯುಧಪೂಜೆ. ಲೇತ್ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ಆಫೀಸಿನ ಕಂಪ್ಯೂಟರಿನ ಸ್ವಿಚ್ ಆರಿಸಿ ಅದಕ್ಕೂ ಚೆಂಡುಹೂವಿನ ಹಾರ ಹಾಕಿದ್ದರು. ಶಿವಶಂಕರ್ ಅವಳ ಕೈಯಿಂದ ಫೋನು ಇಸಕೊಂಡು, ಸ್ಪ್ಯಾನರುಗಳ ಸಾಲಿನ ನಟ್ಟನಡುವೆ ಇಟ್ಟು, ಪರದೆಗೆ ವಿಭೂತಿ ಎಳೆದು, ಕೆಳಗೆ ಧಾರಾಳವಾಗಿ ಕುಂಕುಮ ಸುರಿದರು. ಪೂಜೆಗಿಟ್ಟ ಆಯುಧವನ್ನು ನಾಳೆವರೆಗೂ ಮುಟ್ಟುವ ಹಾಗಿಲ್ಲ ಎಂಬುದು ಅವರ ಅಪ್ಪನ ಕಾಲದಿಂದ ಅಲ್ಲಿ ನಡೆದು ಬಂದದ್ದು. ಜರ್ಮನಿಗೆ ಇವತ್ತೇ ಹೆಸರು ಹೋಗಬೇಕೆಂಬುದು ಅವರ ತಲೆಯಿಂದ ಜಾರಿತ್ತು. ಯಮುನಾಗೆ ನೆನಪಿತ್ತು. ಅವಳು ಕೈಮುಗಿದು ನಿಂತಳು.

ಮಂಗಳಾರತಿ ಎತ್ತಿದಾಗ, ಹೂವಿನ ನಡುವಿನಿಂದ ಕೆಂಪು ದೀಪ ಮಿಣುಕಿತು.

"ಮಾಮ, ದೇವರು ಆನ್‌ಲೈನ್ ಬಂದ್ರು" ಅಂದ ಸಿದ್ಧಾರ್ಥ್.

ಶಿವಶಂಕರ್ ನಗಲಿಲ್ಲ. ದೀಪ ನೋಡಿದರು, ಗಡಿಯಾರ ನೋಡಿದರು, ದಕ್ಷಿಣೆ ಎಣಿಸುತ್ತಿದ್ದ ಪುರೋಹಿತರನ್ನು ನೋಡಿದರು. ಪುರೋಹಿತರು ಕಡಲೆಪುರಿಯ ಪೊಟ್ಟಣ ಕಟ್ಟಿಸಿಕೊಂಡು ಹೊರಟ ಮೇಲೆ ಯಮುನಾಳನ್ನು ಪಕ್ಕಕ್ಕೆ ಕರೆದರು. ದಾರಿ ಹೊಳೆದಿತ್ತು, ಮುಖ ಅರಳಿತ್ತು.

"ಅವರವರ ಆಯುಧ ಅವರವರು ಮುಟ್ಟಂಗಿಲ್ಲ, ಅಷ್ಟೇ ತಾನೆ? ನಾನು ಮುಟ್ಟಂಗಿಲ್ಲ. ಸಿದ್ಧಾರ್ಥನೂ ಮನೆಯವನು, ಅವನೂ ಮುಟ್ಟಂಗಿಲ್ಲ. ನೀವು ಮುಟ್ಟಬಹುದು ಯಮುನಾ. ಹೆಂಗಿದ್ರೂ ಅದು ನಿಮ್ ಆಯುಧ ಅಲ್ವಲ್ಲ."

ಅವಳು ಹೌದು ಸಾರ್ ಅಂದಳು. ದೇವರ ಎದುರು ಬೇಡ, ಬಸ್ಸಲ್ಲಿ ಕೂತು ಒತ್ತಿ ಅಂದರು.

ರಜೆಯ ದಿನದ ಬಸ್ಸು ಖಾಲಿ. ಅದಕ್ಕೂ ಮುಂದೆ ಬಾಳೆಕಂದು ಕಟ್ಟಿದ್ದರು. ಚಾಲಕನ ಆಯುಧ ಮಾತ್ರ ಓಡುತ್ತಲೇ ಇತ್ತು. ಯಮುನಾ ಕಿಟಕಿ ಪಕ್ಕ ಕೂತು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಗುಂಡಿಗಳ ಸಂದಿಯ ಕುಂಕುಮ ಕೆದಕಿದಳು. ವಿಭೂತಿ ಒರೆಸಿದಾಗ ಕ್ರಾಮರ್‌ನ ಪತ್ರ ಕಂಡಿತು.

ಹೆಸರು ಇವತ್ತೇ ಬೇಕು ಅಂತ ಬರೆದಿದ್ದ. ಹೋದ ವಾರ ಒಂದು ಅಳತೆ ಕೇಳಲು ನೇರ ನಿಮ್ಮ ಮನೆಗೇ ಫೋನ್ ಮಾಡಿದ್ದೆ ಶಿವಶಂಕರ್, ನಿಮಗೆ ಏನೂ ನೆನಪಿರಲಿಲ್ಲ. ಪ್ರಯಾಣದಲ್ಲಿದ್ದಾಗ ಮಾತ್ರ ನಿಮಗೆ ಎಲ್ಲವೂ ಗೊತ್ತಿರುತ್ತದೆ ಎಂದು ಕಾಣುತ್ತದೆ. ದಯವಿಟ್ಟು ಆ ಪ್ರಯಾಣದಲ್ಲಿರುವವರನ್ನೇ ಕಳಿಸಿ.

ಯಮುನಾ ಗಟ್ಟಿಯಾಗಿ ನಕ್ಕಳು. ಕಂಡಕ್ಟರ್ ತಿರುಗಿ ನೋಡಿದ.

ಆದರೂ ಬೆರಳು ಎರಡು ವರ್ಷದ ಅಭ್ಯಾಸದಂತೆ ಸಿದ್ಧಾರ್ಥ್ ಎಂದೇ ಒತ್ತಿತು. ಮುಂದೆ ಅವನ ತಂದೆಯ ಹೆಸರು. ಅಷ್ಟರಲ್ಲಿ ಚೀಲದಲ್ಲಿದ್ದ ಅವಳ ಸ್ವಂತ ಹಳೇ ಫೋನು ಬಡಕೊಂಡಿತು. ಶಿವಶಂಕರ್.

"ಕಳಿಸಿದ್ರಾ?"

"ಒತ್ತುತ್ತಾ ಇದೀನಿ ಸಾರ್."

"ಒಂದು ತಪ್ಪು ಹಾಕೋದು ಮರೀಬೇಡಿ."

"ಇಲ್ಲ ಸಾರ್."

ಅವಳು ಹೊರಗೆ ನೋಡಿದಳು. ಇನ್ನೂ ಹಳಿ ಕೂರದ ಮೆಟ್ರೋ ಕಂಬಗಳು ಒಂದರ ಹಿಂದೊಂದು ತಲೆಯಿಲ್ಲದೆ ನಿಂತಿದ್ದವು. ನಿಮ್ ಆಯುಧ ಅಲ್ವಲ್ಲ. ಅವರು ಕೆಟ್ಟದಾಗಿ ಹೇಳಿರಲಿಲ್ಲ, ಅದೇ ಸಂಕಟ. ಕಡಲೆಪುರಿ ಕೊಟ್ಟಷ್ಟೇ ಪ್ರೀತಿಯಿಂದ ಹೇಳಿದ್ದರು. ಸಿದ್ಧಾರ್ಥನ ಹೆಸರನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದಳು. ಅಂಕಪಟ್ಟಿಯಲ್ಲಿದ್ದ ಹಾಗೆ ತನ್ನ ಪೂರ್ತಿ ಹೆಸರು ಒತ್ತಿದಳು. ಕೆಳಗಿನ ಸಾಲಿನಲ್ಲಿ ಪ್ರಯಾಣವನ್ನು ಇಟ್ಟುಕೊಂಡು ಮಾಲೀಕರನ್ನು ತೆಗೆದಳು. ಎಲ್ಲೂ ತಪ್ಪಿಲ್ಲವೆಂದು ಎರಡು ಸಲ ಓದಿ, ಕಳಿಸಿದಳು. ಪಾಸ್‌ಪೋರ್ಟ್ ಅರ್ಜಿಗೆ ಶುಕ್ರವಾರ ರಜೆ ಹಾಕಬೇಕು. ಕಾರಣದ ಜಾಗದಲ್ಲಿ ಸ್ವಂತ ಕೆಲಸ ಎಂದು ಬರೆದರಾಯಿತು.

ಹೆಬ್ಬಗೋಡಿಯ ಮನೆಯಲ್ಲಿ ಪಿಳ್ಳಮ್ಮ ದೇವರ ಗೂಡಿನ ಕೆಳಗೆ ಮಣೆ ಹಾಕಿ ಈಳಿಗೆ, ಒನಕೆ, ಮುದ್ದೆಕೋಲು ಜೋಡಿಸಿ ಕುಂಕುಮ ಇಟ್ಟಿದ್ದರು. ಇವತ್ತು ಮುದ್ದೆ ಇಲ್ಲ, ಅನ್ನಕ್ಕಿಡು ಅಂದರು. ಯಮುನಾ ಕಾಲು ತೊಳೆದು ಬಂದು, ಫೋನನ್ನು ಮುದ್ದೆಕೋಲಿನ ಪಕ್ಕಕ್ಕಿಟ್ಟು, ತಾನೇ ಒಂದು ಬೊಟ್ಟು ಕುಂಕುಮ ಇಟ್ಟಳು.

"ಅದ್ಯಾಕಮ್ಮಿ ಅಲ್ಲಿಕ್ಕಿದೀಯ? ನಿಮ್ ಸಾಹೇಬ್ರುದಲ್ವಾ ಅದು?"

ಯಮುನಾ ಅಕ್ಕಿ ತೊಳೆಯಲು ಹೋದಳು. ಬೆನ್ನ ಹಿಂದೆ ಕೆಂಪು ದೀಪ ಮಿಣುಕುತ್ತಿದೆ ಅಂತ ಅತ್ತೆ ಎರಡು ಸಲ ಕೂಗಿ ಹೇಳಿದರು. ಅವಳು ಕೇಳಿಸಿಕೊಂಡಳು. ನಾಳೆವರೆಗೂ ಅದನ್ನು ಅವಳು ಮುಟ್ಟುವ ಹಾಗಿರಲಿಲ್ಲ.